ಹನ್ನೆರಡು ಬೀದಿ: ಸುಲ್ತಾನ್ ಬತ್ತೇರಿಯ ಸ್ಥಳ ಪರಿಚಯ

ಕೇರಳ ರಾಜ್ಯದ ವಯನಾಡು ಜಿಲ್ಲೆಯ ಪೂರ್ವಭಾಗದಲ್ಲಿ, ಕರ್ನಾಟಕ ಹಾಗೂ ತಮಿಳುನಾಡುಗಳ ಗಡಿಗೆ ಸಮೀಪವಾಗಿ ಸುಲ್ತಾನ್ ಬತ್ತೇರಿ ಎಂಬ ಊರಿದೆ. ಜೈನ ಯಾತ್ರಿಕರಿಗೆ ಇದು ಪ್ರಾಚೀನ ಬಸದಿಯ ಊರೆಂದು ಪರಿಚಿತ. ಆದರೆ ಈ ನೆಲದ ಹಳೆಯ ಹೆಸರುಗಳಲ್ಲೊಂದು ಅಚ್ಚ ಕನ್ನಡದ ‘ಹನ್ನೆರಡು ಬೀದಿ’ ಎಂಬುದನ್ನು ಬಲ್ಲವರು ವಿರಳ.

ಭೂ ಲಕ್ಷಣ

ಗುಂಡ್ಲುಪೇಟೆಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ಮತ್ತು ಮುತ್ತಂಗದ ಅರಣ್ಯಗಳನ್ನು ದಾಟಿ ಈ ಊರನ್ನು ತಲುಪುತ್ತದೆ. ಮುಂದೆ ಕಲ್ಪೆಟ್ಟದ ಮೂಲಕ ಘಟ್ಟವಿಳಿದು ಕಲ್ಲಿಕೋಟೆಯನ್ನು ಸೇರುತ್ತದೆ. ಗುಡ್ಡಗಳ ಮೇಲೆ ಕಾಫಿ ಹಾಗೂ ಕಾಳುಮೆಣಸು, ತಗ್ಗಿನಲ್ಲಿ ಭತ್ತದ ಗದ್ದೆ: ಇದು ಇಲ್ಲಿನ ಸಾಮಾನ್ಯ ನೋಟ. ಮಲಯಾಳದಲ್ಲಿ ‘ವಯಲ್’ ಎಂದರೆ ಗದ್ದೆ. ಗದ್ದೆಗಳ ನಾಡೇ ವಯನಾಡು ಎಂದು ಹೆಸರಿನ ಅರ್ಥವನ್ನು ಹೇಳುವುದುಂಟು. ಜಿಲ್ಲೆಯ ಮುಖ್ಯ ನದಿಯಾದ ಕಬಿನಿಯು ಪೂರ್ವಕ್ಕೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಹೀಗೆ ವಯನಾಡು ಕೇರಳಕ್ಕೆ ಸೇರಿದ್ದರೂ ಅದರ ನೀರು ಮೈಸೂರು ಸೀಮೆಗೆ ಹರಿಯುತ್ತದೆ.

ಇತಿಹಾಸ

ಇಲ್ಲಿನ ಬಸದಿಯನ್ನು ಸುಮಾರು 13ನೆಯ ಶತಮಾನದ್ದೆಂದು ಗುರುತಿಸಲಾಗಿದೆ. ಗರ್ಭಗೃಹ, ಅಂತರಾಳ, ಮಹಾಮಂಟಪ, ಮುಖಮಂಟಪಗಳಿಂದ ಕೂಡಿದ ಈ ಶಿಲಾಮಂದಿರದ ಬಾಗಿಲವಾಡದ ಲಲಾಟದಲ್ಲಿ ಪದ್ಮಾಸನಸ್ಥ ಜಿನಮೂರ್ತಿಯಿದೆ. ಬಸದಿಯ ಸುತ್ತಣ ಜೈನರ ನೆಲೆಯೇ ಹನ್ನೆರಡು ಬೀದಿ. ಗಣಪತಿ ದೇಗುಲದಿಂದ ಬಂದ ‘ಗಣಪತಿವಟ್ಟಂ’ ಎಂಬುದು ಊರಿನ ಇನ್ನೊಂದು ಹೆಸರು. ಕಾಲಾಂತರದಲ್ಲಿ ಬಸದಿಯು ವ್ಯಾಪಾರದ ಸ್ಥಳವಾಯಿತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ಅದನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿತು. ಆಂಗ್ಲರು ‘ಸುಲ್ತಾನನ ಬ್ಯಾಟರಿ’ ಎಂದು ಕರೆದುದೇ ಇಂದಿನ ಹೆಸರಾಯಿತು. ಈಗ ಬಸದಿಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ಜನಜೀವನ

ಬತ್ತೇರಿ 2015ರಲ್ಲಿ ಗ್ರಾಮ ಪಂಚಾಯಿತಿಯಿಂದ ನಗರಸಭೆಯಾಯಿತು. 2011ರ ಜನಗಣತಿಯಂತೆ ವಯನಾಡು ಜಿಲ್ಲೆಯ ಜನಸಂಖ್ಯೆ 8,17,420. ಇವರಲ್ಲಿ ಶೇಕಡಾ 18.5ರಷ್ಟು ಪರಿಶಿಷ್ಟ ಪಂಗಡದವರು. ಪಣಿಯ, ಕುರುಮ, ಕಾಟ್ಟುನಾಯ್ಕ ಮೊದಲಾದ ಸಮುದಾಯಗಳೊಡನೆ, 20ನೆಯ ಶತಮಾನದಲ್ಲಿ ತಿರುವಾಂಕೂರಿನಿಂದ ವಲಸೆ ಬಂದ ಕೃಷಿಕರೂ ಇಲ್ಲಿದ್ದಾರೆ. ಕನ್ನಡ ಮೂಲದ ಜೈನ ಗೌಡರು ಸಂಖ್ಯೆಯಲ್ಲಿ ಅಲ್ಪರಾದರೂ ಕಾಫಿ ಕೃಷಿ, ವಿದ್ಯೆ, ರಾಜಕಾರಣಗಳಲ್ಲಿ ಹೆಸರು ಪಡೆದವರು. ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲದ ಅನಂತನಾಥಸ್ವಾಮಿ ಬಸದಿಯು ಅವರ ಶ್ರದ್ಧಾಕೇಂದ್ರ. ಮಲಯಾಳ ಸಾಹಿತಿ ಎಂ. ಪಿ. ವೀರೇಂದ್ರಕುಮಾರ್ (1936–2020) ಈ ಸಮಾಜದವರೇ. ‘ಹೈಮವತಭೂವಿಲ್’ ಕೃತಿಗಾಗಿ ಅವರಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಮನೆಮಾತು ಕಾಲಕ್ರಮದಲ್ಲಿ ಬದಲಾಗಬಹುದು. ಅದರಿಂದ ಧರ್ಮಕ್ಕೆ ಊನವಿಲ್ಲ. ಆದರೆ ಪೂರ್ವಿಕರು ನೆಲೆನಿಂತ ಸ್ಥಳದ ಹೆಸರು ಮರೆತರೆ, ಬಸದಿಯನ್ನು ಕಟ್ಟಿದವರು ಯಾರೆಂಬುದೂ ಮರೆತುಹೋಗುತ್ತದೆ. ಬತ್ತೇರಿಗೆ ಹೋಗುವ ಶ್ರಾವಕ ಶ್ರಾವಿಕೆಯರು ಲಲಾಟದ ಜಿನಬಿಂಬವನ್ನು ತಮ್ಮ ಮಕ್ಕಳಿಗೆ ತೋರಿಸಿ, ಅವರು ಯಾವ ಭಾಷೆಯನ್ನೇ ಆಡಲಿ, ‘ಹನ್ನೆರಡು ಬೀದಿ’ ಎಂಬ ಹೆಸರನ್ನೂ ತಿಳಿಸುವುದು ಉಚಿತ.