ಕಠಿಣ ತಂದೆಯ ಸಾವಿನ ನಂತರ

ಬದುಕಿರುವಷ್ಟು ಕಾಲವೂ ಗದರಿಕೆ, ಮೂದಲಿಕೆ ಇಲ್ಲವೇ ಮೌನದಿಂದಲೇ ಮನೆಯನ್ನು ಆಳಿದ ತಂದೆ ತೀರಿಕೊಂಡಾಗ, ಮಗನಲ್ಲಿ ದುಃಖದ ಜೊತೆಗೆ ಕೋಪವೂ ಹೇಳಿಕೊಳ್ಳಲಾಗದ ಒಂದು ನಿರಾಳವೂ ಹುಟ್ಟುವುದುಂಟು. ಅವನನ್ನು ಹೆಚ್ಚು ನಾಚಿಸುವುದು ಈ ನಿರಾಳವೇ. ಒಬ್ಬರ ಮೇಲೆಯೇ ಪ್ರೀತಿಯೂ ದ್ವೇಷವೂ ಒಟ್ಟಿಗೆ ನೆಲೆಸುವ ಈ ಸ್ಥಿತಿಯನ್ನು ಮನೋವಿಜ್ಞಾನವು ದ್ವಂದ್ವಭಾವ ಎನ್ನುತ್ತದೆ. ಅಗಲಿದವರ ಮೇಲಿನ ಇಂಥ ಸಿಟ್ಟು ಒಳಮುಖವಾಗಿ ಆತ್ಮನಿಂದೆಯ ರೂಪ ತಾಳಬಲ್ಲದೆಂದು ಸಿಗ್ಮಂಡ್ ಫ್ರಾಯ್ಡ್ 1917ರ ಪ್ರಬಂಧವೊಂದರಲ್ಲಿ ವಾದಿಸಿದರು; 1896ರಲ್ಲಿ ತೀರಿಕೊಂಡ ತಮ್ಮ ತಂದೆಯ ಅಗಲಿಕೆಯೇ ಕನಸುಗಳನ್ನು ಕುರಿತ ತಮ್ಮ ಗ್ರಂಥದ ಹಿಂದಿತ್ತೆಂಬುದು ಅವರಿಗೂ ಹೊಳೆದದ್ದು ಅದನ್ನು ಬರೆದು ಮುಗಿಸಿದ ಮೇಲೆ.

ಉತ್ತರಕ್ರಿಯೆಗಳು, ಅಂದರೆ ಸತ್ತವರಿಗಾಗಿ ನಡೆಸುವ ಕರ್ಮಗಳು, ಮುಗಿದು ನೆಂಟರಿಷ್ಟರು ಚದುರಿದ ಮೇಲೆಯೇ ಈ ಒಳಗುದಿ ಜೋರಾಗುವುದರಿಂದ, ‘ಎಷ್ಟಾದರೂ ಹೆತ್ತ ತಂದೆಯಲ್ಲವೇ’ ಎಂಬ ಮಾತಿಗೆ ಕಟ್ಟುಬಿದ್ದು ಮಗನಾದವನು ಆತುರದಲ್ಲಿ ಕ್ಷಮಿಸಬೇಕಾಗಿಲ್ಲ. ಅದಕ್ಕಿಂತ ತಂದೆಯ ಬೀರು ತೆರೆದು ಸಾಲದ ಚೀಟಿ, ಮಗನ ಶಾಲೆಯ ಶುಲ್ಕದ ರಸೀದಿ, ಹಳೆಯ ಕಾಗದಗಳನ್ನು ನಿಧಾನವಾಗಿ ನೋಡುವುದೂ, ಸೋದರತ್ತೆಯ ಬಳಿ ಕುಳಿತು ತಂದೆ ಬಾಲ್ಯದಲ್ಲಿ ಯಾರ ಕೈಯಿಂದ ಏಟು ತಿಂದಿದ್ದರೆಂದು ಕೇಳುವುದೂ ಫಲ ಕೊಡುತ್ತದೆ. ಹೀಗೆ ತಿಳಿದುಬಂದದ್ದು ಪೆಟ್ಟಿಗೆ ಕಾರಣವನ್ನು ತೋರಿಸೀತೇ ಹೊರತು ಪೆಟ್ಟನ್ನು ಸಮರ್ಥಿಸದು. ಇವೆರಡನ್ನೂ ಒಂದೇ ಎನ್ನುವ ಹಿರಿಯರೇನೂ ಕಡಿಮೆಯಿಲ್ಲ. ಪಟಕ್ಕೆ ಹಾರ ಹಾಕಲು ಕೈ ಬಾರದಿದ್ದರೆ ಅದೂ ಸದ್ಯಕ್ಕೆ ಹಾಗೆಯೇ ಇರಬಹುದು. ಆದರೆ ತಿಂಗಳುಗಟ್ಟಲೆ ನಿದ್ರೆ ಹತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ ಹೋದರೆ ಮನೋವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.