ಉರಿಯೂತದ ರಕ್ತಪರೀಕ್ಷೆ: ಯಾರಿಗೆ, ಯಾವಾಗ?

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಸದ್ಭಕ್ತರು ಕೀಲುನೋವಿಗೆಂದು ಬಂದಾಗ, ‘ಐಎಲ್-6 ಪರೀಕ್ಷೆ ಮಾಡಿಸಬೇಕೇ?’ ಎಂದು ಕೇಳುವುದುಂಟು. ಕೋವಿಡ್ ಕಾಲದಲ್ಲಿ ಅನೇಕರ ಕಿವಿಗೆ ಬಿದ್ದ ಹೆಸರಿದು.

ಇಂಟರ್‌ಲ್ಯೂಕಿನ್-6 ಎಂಬುದು ದೇಹದ ರಕ್ಷಣಾಕೋಶಗಳ ಸಂದೇಶವಾಹಕ ಪ್ರೋಟೀನು. ಜಪಾನಿನ ಹಿರಾನೊ, ಕಿಶಿಮೊಟೊ ಅವರ ತಂಡವು 1986ರಲ್ಲಿ ಇದರ ಜೀನನ್ನು ಗುರುತಿಸಿತು. ಇದರ ಪ್ರಚೋದನೆಯಿಂದಲೇ ಯಕೃತ್ತು ಸಿಆರ್‌ಪಿಯನ್ನು ಉತ್ಪಾದಿಸುತ್ತದೆ. ಆದುದರಿಂದ ಊರಿನಲ್ಲಿಯೇ ಅಲ್ಪವೆಚ್ಚದಲ್ಲಿ ಆಗುವ ಸಿಆರ್‌ಪಿ, ಇಎಸ್‌ಆರ್ ಪರೀಕ್ಷೆಗಳೇ ಬಹುತೇಕರಿಗೆ ಸಾಕೆಂದು ನಾವು ಭಾವಿಸುತ್ತೇವೆ.

ಐಎಲ್-6 ಅನ್ನು ಅಳೆಯುವುದು ಪಿಕೋಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಲಕ್ಷಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ. ಸೀರಮ್ಮನ್ನು ಬೇಗನೆ ಬೇರ್ಪಡಿಸಿ ತಂಪಿನಲ್ಲಿಡದಿದ್ದರೆ ಅಂಕಿ ತಪ್ಪಬಹುದು; ನಮ್ಮ ಬೇಸಿಗೆಯಲ್ಲಿ ಮಾದರಿಯನ್ನು ದೂರದೂರಿಗೆ ಕಳುಹಿಸುವವರು ಇದನ್ನು ವಿಚಾರಿಸಲೇಬೇಕು. ಸೋಂಕು, ಗಾಯ, ಅತಿಯಾದ ದೇಹಶ್ರಮಗಳಿಂದಲೂ ಅಂಕಿ ಏರುತ್ತದೆ. ಅದೊಂದನ್ನೇ ನೋಡಿ ರೋಗದ ಹೆಸರು ಹೇಳಲಾಗದು.

ಬೆಳಿಗ್ಗೆ ಒಂದು ಗಂಟೆಗೂ ಮಿಕ್ಕಿ ಬೆರಳುಗಳು ಬಿಗಿದು, ಬಾವು ಆರು ವಾರವಾದರೂ ಇಳಿಯದಿದ್ದರೆ ಆರ್‌ಎ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ ಪರೀಕ್ಷೆ ಮಾಡಿಸಿ ಸಂಧಿರೋಗತಜ್ಞರನ್ನು ಕಾಣಬೇಕು. ನಾವು ಆಯುರ್ವೇದದವರಾದರೂ ಇದನ್ನು ಒತ್ತಿ ಹೇಳುತ್ತೇವೆ: ಒಮ್ಮೆ ಸವೆದ ಕೀಲನ್ನು ಯಾವ ಕಷಾಯವೂ ಮರಳಿ ಕೊಡದು. ತಜ್ಞರು ಕೊಟ್ಟ ಮಾತ್ರೆಗಳನ್ನು, ನೋವು ತಗ್ಗಿತೆಂದು ತಾವಾಗಿಯೇ ನಿಲ್ಲಿಸಬಾರದು.