ಆಟದ ವ್ಯಾಪಾರವೂ ಕಾನೂನಿನ ದೃಷ್ಟಿಯೂ

ಆಟವು ಮನುಷ್ಯನಿಗೆ ಹೊಸದಲ್ಲ. ನಮ್ಮ ಹಳ್ಳಿಗಳ ಜಗಲಿಗಳ ಮೇಲೆ ಚೆನ್ನೆಮಣೆ, ಚೌಕಾಬಾರ, ಪಗಡೆಗಳನ್ನು ಎಷ್ಟೋ ತಲೆಮಾರುಗಳಿಂದ ಆಡುತ್ತ ಬಂದಿದ್ದಾರೆ. ಒಂದು ಹಿಡಿ ಹುಣಿಸೆಬೀಜವೋ ನಾಲ್ಕು ಕವಡೆಯೋ ಇದ್ದರೆ ಸಂಜೆ ಕಳೆಯುತ್ತಿತ್ತು. ಅಲ್ಲಿ ಆಡುವವರು ಇದ್ದರು. ಆಟವನ್ನು ಮಾರುವವನು ಇರಲಿಲ್ಲ. ಅಂತರ್ಜಾಲದ ಮೂಲಕ ಆಡುವ ಇಂದಿನ ವಿಡಿಯೋ ಆಟಗಳ ಸ್ಥಿತಿ ಬೇರೆ. ಅವು ಮೊದಲು ಸರಕು, ಆಮೇಲೆ ಆಟ. ಆದುದರಿಂದ ಅವುಗಳ ವಿಷಯದಲ್ಲಿ ಎರಡು ಪ್ರಶ್ನೆಗಳು ಏಳುವುವು. ವ್ಯಾಪಾರಿಯು ಅವನ್ನು ಹೇಗೆ ಮಾರುತ್ತಾನೆ? ಸರ್ಕಾರವು ಅವುಗಳಲ್ಲಿ ಯಾವುದನ್ನು ತಡೆಯಬೇಕು? ಮೊದಲನೆಯದನ್ನು ಅರ್ಥಶಾಸ್ತ್ರಕ್ಕೂ ಎರಡನೆಯದನ್ನು ನೀತಿಶಾಸ್ತ್ರಕ್ಕೂ ಬಿಟ್ಟುಕೊಡುವುದು ವಾಡಿಕೆ. ಇವೆರಡನ್ನೂ ಒಟ್ಟಿಗೆ ನೋಡದೆ ಹೋದರೆ ಕಾನೂನು ದಾರಿ ತಪ್ಪುವುದೆಂಬುದನ್ನು ಅಮೆರಿಕದ ಅನುಭವದಿಂದ ತಿಳಿಯಬಹುದು.

ಮೊದಲು ವ್ಯಾಪಾರವನ್ನು ನೋಡೋಣ. ವಾಷಿಂಗ್‌ಟನ್ ಸಂಸ್ಥಾನದ ಬೆಲ್‌ವ್ಯೂ ನಗರದ ವಾಲ್ವ್ ಎಂಬ ಕಂಪನಿಯು 2003ರಲ್ಲಿ ಸ್ಟೀಮ್ ಎಂಬ ವ್ಯವಸ್ಥೆಯನ್ನು ತೆರೆಯಿತು. 2005ರಿಂದ ಅದು ಇತರ ಕಂಪನಿಗಳ ಆಟಗಳನ್ನೂ ಮಾರತೊಡಗಿತು. ಮಾರಾಟದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಷ್ಟು ಅಂಗಡಿಯ ಪಾಲು. ಬೇಸಿಗೆಯಲ್ಲಿ ಒಮ್ಮೆ, ಕ್ರಿಸ್‌ಮಸ್ ಹಬ್ಬದ ಸುಮಾರಿಗೆ ಒಮ್ಮೆ, ಅಲ್ಲಿ ದೊಡ್ಡ ರಿಯಾಯಿತಿ ಮಾರಾಟಗಳು ನಡೆಯುವುವು. ಅರ್ಧ ಬೆಲೆಗೆ, ಕೆಲವು ವೇಳೆ ಕಾಲುಭಾಗದ ಬೆಲೆಗೂ ಆಟಗಳು ದೊರೆಯುತ್ತವೆ.

ಇದನ್ನು ನಮ್ಮ ಆಷಾಢದ ರಿಯಾಯಿತಿಯೊಡನೆ ಹೋಲಿಸಿ ನೋಡಬಹುದು. ಆಷಾಢದಲ್ಲಿ ಜವಳಿ ಅಂಗಡಿಯವನು ಬೆಲೆ ಇಳಿಸುವುದಕ್ಕೆ ಕಾರಣವುಂಟು. ಆಗ ಮದುವೆಗಳಿಲ್ಲ, ಹಳೆಯ ಸರಕು ಖಾಲಿಯಾಗಬೇಕು, ಶ್ರಾವಣಕ್ಕೆ ಹೊಸದು ಬರಬೇಕು. ಅಂತರ್ಜಾಲದ ಆಟಕ್ಕೆ ದಾಸ್ತಾನೇ ಇಲ್ಲ. ಒಂದು ಪ್ರತಿಯನ್ನು ಮಾರಿದರೂ ಹತ್ತು ಲಕ್ಷ ಪ್ರತಿಗಳನ್ನು ಮಾರಿದರೂ ಉಗ್ರಾಣದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಆಟವನ್ನು ತಯಾರಿಸಲು ಕೋಟ್ಯಂತರ ಹಣ ಬೇಕು. ಅದು ಸಿದ್ಧವಾದ ಮೇಲೆ ಮತ್ತೊಂದು ಪ್ರತಿಯ ಸೀಮಾಂತ ವೆಚ್ಚ ಸೊನ್ನೆಗೆ ಸಮೀಪ. ಹಾಗಾದರೆ ಹಬ್ಬದ ರಿಯಾಯಿತಿ ಏತಕ್ಕೆ? ಇದು ಬೆಲೆ ತಾರತಮ್ಯದ ಒಂದು ಉದಾಹರಣೆ. ಆತುರಗಾರನು ಮೊದಲ ದಿನವೇ ಪೂರ್ಣ ಬೆಲೆ ಕೊಡುತ್ತಾನೆ. ತಾಳ್ಮೆಯುಳ್ಳವನು ಹಬ್ಬದವರೆಗೆ ಕಾದು ಕಡಿಮೆ ಬೆಲೆ ಕೊಡುತ್ತಾನೆ. ಇಬ್ಬರ ಹಣವೂ ಅಂಗಡಿಗೇ ಸೇರುತ್ತದೆ. ಕೊನೆಯ ದಿನದ ಗಡುವು ನೋಡಿ ಗಿರಾಕಿಯು ಆಡಲು ಸಮಯವಿಲ್ಲದ ಆಟಗಳನ್ನೂ ಕೊಂಡುಬಿಡುವುದುಂಟು. ಆದರೂ ಈ ವ್ಯಾಪಾರದಲ್ಲಿ ಒಂದು ಪ್ರಾಮಾಣಿಕತೆಯಿದೆ. ಬೆಲೆಯೇನೆಂಬುದು ಕೊಳ್ಳುವವನಿಗೆ ಮೊದಲೇ ಗೊತ್ತು. 2015ರಿಂದ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣವನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನೂ ಸ್ಟೀಮ್ ಕಲ್ಪಿಸಿತು.

ಇನ್ನು ಕಾನೂನಿನ ಕಡೆಗೆ ಬರೋಣ. ಇದಕ್ಕಾಗಿ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1993ರ ಸೆಪ್ಟೆಂಬರಿನಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಕಾಳಗದ ಆಟವು ಅಮೆರಿಕದ ಮನೆಗಳಿಗೆ ಬಂದಿತು. ನಿಂಟೆಂಡೊ ಯಂತ್ರದ ಆವೃತ್ತಿಯಲ್ಲಿ ರಕ್ತವನ್ನು ತೆಗೆದು ಬೆವರಿನಂತೆ ತೋರಿಸಿದ್ದರು. ಸೆಗಾ ಯಂತ್ರದಲ್ಲಿ ಒಂದು ಗುಪ್ತ ಸಂಕೇತವನ್ನು ಒತ್ತಿದರೆ ರಕ್ತ ಹರಿಯುತ್ತಿತ್ತು. ಹೆಚ್ಚಾಗಿ ಮಾರಾಟವಾದದ್ದು ರಕ್ತವಿದ್ದ ಆಟವೇ. ಮರುವರ್ಷ ಆಟದ ಎರಡನೆಯ ಭಾಗ ಬಂದಾಗ ನಿಂಟೆಂಡೊ ಕೂಡ ರಕ್ತವನ್ನು ಉಳಿಸಿಕೊಂಡಿತು. ಪೇಟೆಯ ಪಾಠವನ್ನು ವ್ಯಾಪಾರಿಗಳು ಬೇಗನೆ ಕಲಿಯುವರು.

1993ರ ಡಿಸೆಂಬರ್ 9ರಂದು, ಎಂದರೆ ಹಬ್ಬದ ಕೊಳ್ಳುವಿಕೆಯು ಭರದಿಂದ ಸಾಗಿದ್ದಾಗಲೇ, ಸೆನೆಟರುಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಈ ಆಟಗಳನ್ನು ಕುರಿತು ಬಹಿರಂಗ ವಿಚಾರಣೆ ನಡೆಸಿದರು. ಕಾನೂನಿನ ಭಯದಿಂದ ಉದ್ಯಮವು 1994ರಲ್ಲಿ ತಾನೇ ಇ.ಎಸ್.ಆರ್.ಬಿ. ಎಂಬ ಮಂಡಲಿಯನ್ನು ಸ್ಥಾಪಿಸಿ, ಯಾವ ಆಟ ಯಾವ ವಯಸ್ಸಿಗೆ ತಕ್ಕದ್ದೆಂಬ ಗುರುತನ್ನು ಪೆಟ್ಟಿಗೆಯ ಮೇಲೆ ಅಚ್ಚುಮಾಡತೊಡಗಿತು.

ಕ್ಯಾಲಿಫೋರ್ನಿಯಕ್ಕೆ ಇದು ಸಾಕೆನಿಸಲಿಲ್ಲ. 18 ವರ್ಷ ತುಂಬದವರಿಗೆ ಅತಿ ಹಿಂಸೆಯ ಆಟಗಳನ್ನು ಮಾರಿದರೆ 1,000 ಡಾಲರುಗಳವರೆಗೆ ದಂಡ ವಿಧಿಸುವ ಕಾನೂನನ್ನು ಅದು 2005ರಲ್ಲಿ ಮಾಡಿತು. ಉದ್ಯಮದವರು ನ್ಯಾಯಾಲಯದ ಮೊರೆಹೊಕ್ಕರು. 2011ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು, ಏಳು ಜನ ಒಂದು ಕಡೆ ಇಬ್ಬರು ಇನ್ನೊಂದು ಕಡೆಯಾಗಿ, ಆ ಕಾನೂನನ್ನು ತಳ್ಳಿಹಾಕಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಆಂಟೋನಿನ್ ಸ್ಕಾಲಿಯಾ ಅವರ ವಾದವು ಮನನೀಯವಾಗಿದೆ. ಪುಸ್ತಕ, ನಾಟಕಗಳಂತೆ ವಿಡಿಯೋ ಆಟಕ್ಕೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟು. ಮಕ್ಕಳಿಗೆ ಓದಿಸುವ ಗ್ರಿಮ್ ಸಹೋದರರ ಕಥೆಗಳಲ್ಲಿಯೂ ಕ್ರೌರ್ಯವಿದೆ. ಆಟವೇ ಮಕ್ಕಳನ್ನು ಹಿಂಸೆಗೆ ಹಚ್ಚುವುದೆಂಬುದು ಸಿದ್ಧವಾಗಿಲ್ಲ. ಜೊತೆಗೆ, ವಯಸ್ಸಿನ ಗುರುತು ಕೆಲಸ ಮಾಡುತ್ತಿದೆಯೆಂದೂ ನ್ಯಾಯಾಲಯವು ಗಮನಿಸಿತು. ಸರ್ಕಾರದ ಪರೀಕ್ಷೆಯೊಂದರಲ್ಲಿ, ದೊಡ್ಡವರ ಆಟವನ್ನು ಕೊಳ್ಳಲು ಹೋದ ಬಾಲಕರಲ್ಲಿ ನೂರಕ್ಕೆ 20 ಮಂದಿಗೆ ಮಾತ್ರ ಅದು ಸಿಕ್ಕಿತ್ತು. ಉಳಿದವರನ್ನು ಅಂಗಡಿಯ ನೌಕರರೇ ತಡೆದಿದ್ದರು.

ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಬಾಲಕನನ್ನು ಕಾದದ್ದು ಗಲ್ಲಾದ ಹಿಂದೆ ನಿಂತ ಒಬ್ಬ ಮನುಷ್ಯ. ತೀರ್ಪು ಬರುವ ವೇಳೆಗೆ ವ್ಯಾಪಾರವು ಆ ಗಲ್ಲಾವನ್ನೇ ಬಿಟ್ಟು ಹೊರಡುತ್ತಿತ್ತು.

2017ರಲ್ಲಿ ಬಂದ ಫೋರ್ಟ್‌ನೈಟ್ ಎಂಬ ಆಟವನ್ನು ನೋಡಿ. ಅದರಲ್ಲಿ ನೂರು ಜನ ಆಟಗಾರರು ಒಬ್ಬರನ್ನೊಬ್ಬರು ಹೊಡೆದುರುಳಿಸುವರು; ಆದರೆ ಒಂದು ತೊಟ್ಟು ರಕ್ತವೂ ಕಾಣದು. ಮಂಡಲಿಯು ಅದನ್ನು ಹದಿಹರೆಯದವರಿಗೆ ತಕ್ಕದ್ದೆಂದು ಗುರುತಿಸಿತು. ಅದಕ್ಕೆ ಬೆಲೆಯೂ ಇಲ್ಲ. ಹಣ ಬರುವುದು ಒಳಗೆ ಮಾರುವ ಉಡುಪು, ಕುಣಿತ ಮುಂತಾದ ಅಲಂಕಾರಗಳಿಂದ. ಇವಕ್ಕಾಗಿ ಮೊದಲು ನಿಜವಾದ ಹಣದಿಂದ ಆಟದ ನಾಣ್ಯವನ್ನು ಕೊಳ್ಳಬೇಕು. ಕ್ರಿಸ್‌ಮಸ್ ಬಂದಿತೆಂದರೆ ಆಟದೊಳಗೇ ಹಬ್ಬ ನಡೆಯುವುದು. ದಿನವೂ ಬಂದವನಿಗೆ ಉಡುಗೊರೆ, ಪಕ್ಕದಲ್ಲಿಯೇ ಅಂಗಡಿ. ಗೆಳೆಯರೆಲ್ಲ ಹೊಸ ಉಡುಪಿನಲ್ಲಿರುವಾಗ ತಾನೊಬ್ಬನು ಹಳೆಯದರಲ್ಲಿರುವುದನ್ನು ಯಾವ ಹುಡುಗನು ಸಹಿಸುವನು?

2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ಆದ ಒಪ್ಪಂದದಂತೆ, ಈ ಆಟದ ಒಡೆಯರಾದ ಎಪಿಕ್ ಗೇಮ್ಸ್ ಕಂಪನಿಯು ಒಟ್ಟು 52 ಕೋಟಿ ಡಾಲರುಗಳನ್ನು ತೆರಲು ಒಪ್ಪಿತು. ಅದರಲ್ಲಿ 27.5 ಕೋಟಿಯು ಮಕ್ಕಳ ಖಾಸಗಿ ಮಾಹಿತಿಯ ಕಾನೂನನ್ನು ಮೀರಿದ ಆರೋಪಕ್ಕೆ, 24.5 ಕೋಟಿಯು ಗಿರಾಕಿಗಳಿಗೆ ಹಿಂದಿರುಗಿಸಲು. ಒಂದೇ ಗುಂಡಿಯನ್ನು ಒತ್ತಿದೊಡನೆ ಕೊಳ್ಳುವಿಕೆ ಮುಗಿದುಹೋಗುವಂತೆ ಏರ್ಪಾಡು ಮಾಡಿ, ಬೇಡದ ಖರೀದಿಗೆ ಜನರನ್ನು ಎಳೆದಿದ್ದರೆಂದೂ, 2018ರವರೆಗೆ ಮಕ್ಕಳು ತಂದೆತಾಯಿಗಳ ಒಪ್ಪಿಗೆಯಿಲ್ಲದೆಯೇ ಅವರ ಕಾರ್ಡಿನಿಂದ ಹಣ ತೆರಬಹುದಾಗಿತ್ತೆಂದೂ ಕಮಿಷನ್ನು ಆರೋಪಿಸಿತ್ತು.

ಹೀಗೆ, ರಕ್ತ ಸುರಿಸಿದ ಆಟವನ್ನು ತಡೆಯಹೋದ ಕಾನೂನು ಸೋತಿತು. ರಕ್ತವೇ ಇಲ್ಲದ ಆಟವು ಭಾರಿ ಮೊತ್ತವನ್ನು ತೆರಬೇಕಾಯಿತು. ತೆರೆಯ ಮೇಲೆ ಏನು ಕಾಣುತ್ತದೆಂದು ಅಳೆಯುವುದು ಕಷ್ಟ. ಅದು ಅಭಿರುಚಿಯ, ಅಭಿಪ್ರಾಯದ ವಿಷಯ. ಹಣವು ಹೇಗೆ ಕೈಬಿಟ್ಟು ಹೋಯಿತೆಂಬುದನ್ನು ಅಳೆಯಬಹುದು; ಅದಕ್ಕೆ ಲೆಕ್ಕವಿದೆ, ದಾಖಲೆಯಿದೆ.

ಇತರ ದೇಶಗಳೂ ಇದೇ ದಾರಿಗೆ ಬರುತ್ತಿರುವುವು. ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್ ಎಂಬ ಪೆಟ್ಟಿಗೆಗಳು ಕೆಲವು ಆಟಗಳಲ್ಲಿ ಜೂಜೇ ಆಗಿವೆಯೆಂದು ಬೆಲ್ಜಿಯಂ 2018ರಲ್ಲಿ ಸಾರಿತು. ಚೀನವು 2021ರಲ್ಲಿ, ಬಾಲಕರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟ ಆಡಬಹುದೆಂದು ವಿಧಿಸಿತು.

ನಮ್ಮಲ್ಲಿ ಚರ್ಚೆಯು ಮುಖ್ಯವಾಗಿ ಜೂಜಿನ ಕಡೆಯಿಂದ ಆರಂಭವಾಯಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ಮಾಡಿದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಗೆದ್ದು ಹಣ ಪಡೆಯುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಬಣ್ಣದ ಉಡುಪಿಗೆ ತಂದೆಯ ಹಣ ತೆರುವ ಹುಡುಗನು ಗೆಲುವಿಗಾಗಿ ಹಣ ಕಟ್ಟಿದವನಲ್ಲ. ಅವನು ಸುಮ್ಮನೆ ಗಿರಾಕಿ. ಅವನ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ.

ಕಾನೂನು ಬರುವವರೆಗೆ ವಿದ್ಯಾರ್ಥಿಮಿತ್ರರು ತಮ್ಮ ಮಟ್ಟಿಗೆ ಮೂರು ವಿಷಯಗಳನ್ನು ವಿಚಾರಿಸಬಹುದು. ಕೊಳ್ಳುವ ಮುನ್ನ ಪೂರ್ತಿ ಬೆಲೆ ರೂಪಾಯಿಯಲ್ಲಿ ತಿಳಿದಿದೆಯೇ? ಪೆಟ್ಟಿಗೆಯೊಳಗೆ ಏನಿದೆಯೆಂದು ಗೊತ್ತೇ? ಬೇಡವೆನಿಸಿದರೆ ಹಣ ಹಿಂದಕ್ಕೆ ಬರುವುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಸಂತೋಷವಾಗಿ ಆಡಬಹುದು. ಮನೆಯಲ್ಲಿ ಚಿಕ್ಕ ತಮ್ಮಂದಿರ ಕೈಗೆ ಫೋನು ಕೊಡುವ ಮುನ್ನವೂ ಇವನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಏಕೆಂದರೆ ಅಲ್ಲಿ ಅವರನ್ನು ತಡೆಯಲು ಗಲ್ಲಾದ ಹಿಂದೆ ಯಾರೂ ನಿಂತಿರುವುದಿಲ್ಲ.